ಹಾಡಿದ್ದು ಮತ್ತು ಹಾಡಿ ಎತ್ತಿಟ್ಟದ್ದು: ಬಾಬ್ ಡಿಲನ್ ಮತ್ತು ಅವನ ಕೇಳುಗರು



ಈ ಉಪನ್ಯಾಸದ ದತ್ತಿಯ ಕರಾರಿನಲ್ಲಿ ವಿಷಯ ‘ಸಂಗೀತ ಮತ್ತು ಕೇಳುಗ’ ಎಂದಿದೆ. ಇಂಥ ವೇದಿಕೆಗಳಲ್ಲಿ ಹಾಡುವವರನ್ನು ಒಂದು ಗಂಟೆ ಹೊಗಳಿ, ಕೊನೆಯ ಐದು ನಿಮಿಷದಲ್ಲಿ ಕೇಳುಗರಿಗೂ ಒಂದು ನಮಸ್ಕಾರ ಹೇಳಿ ಇಳಿಯುವುದು ವಾಡಿಕೆ. ನಾನು ಕೇಳುಗರಿಂದಲೇ ಶುರು ಮಾಡುತ್ತೇನೆ. ಅದೂ ತುಸು ಹುಚ್ಚು ಹತ್ತಿಸಿಕೊಂಡ ಕೇಳುಗರಿಂದ. ಅಮೆರಿಕದ ಹಾಡುಗಾರ ಬಾಬ್ ಡಿಲನ್‌ನ ಅಭಿಮಾನಿಗಳು ಐವತ್ತು ವರ್ಷಕ್ಕೂ ಮಿಕ್ಕಿ ಎರಡು ವಿಷಯಗಳ ಬಗ್ಗೆ ಜಗಳ ಆಡುತ್ತಲೇ ಬಂದಿದ್ದಾರೆ: ಅವನು ಯಾವ ಊರಿನಲ್ಲಿ, ಯಾವ ರಾತ್ರಿ, ಯಾವ ಹಾಡನ್ನು ಹೇಗೆ ಹಾಡಿದ, ಸ್ಟುಡಿಯೋದಲ್ಲಿ ಹಾಡಿಯೂ ಹೊರಗೆ ಬಿಡದ ಹಾಡುಗಳಲ್ಲಿ ಏನಿದೆ. ಈ ಎರಡನ್ನೂ ಅವರು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಗಂಟಿಗೆ ‘ಬೂಟ್‌ಲೆಗ್’, ಅಂದರೆ ಕಳ್ಳ ಮುದ್ರಣ, ಎಂದು ಹೆಸರು. ಆ ಗಂಟನ್ನು ಬಿಚ್ಚಿ ಎರಡು ಮಾಡಬೇಕು ಎನ್ನುವುದು ಇವತ್ತಿನ ನನ್ನ ವಾದ.

ಡಿಲನ್‌ನನ್ನು ಪರಿಚಯಿಸುವ ಅಗತ್ಯವಿಲ್ಲ. 1941ರಲ್ಲಿ ಮಿನ್ನೆಸೋಟಾದ ಡುಲುತ್‌ನಲ್ಲಿ ಹುಟ್ಟಿದವನು, 1961ರ ಜನವರಿಯಲ್ಲಿ ಗಿಟಾರ್ ಹೊತ್ತು ನ್ಯೂಯಾರ್ಕಿಗೆ ಬಂದವನು, 1965ರ ಜುಲೈಯಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಜಾನಪದದ ಮಡಿವಂತರನ್ನು ಕೆರಳಿಸಿದವನು, 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದವನು. ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಸಲಿಗೆಯಿಂದ, ತಪ್ಪು ತಿಳಿಯಬೇಡಿ. ನಮ್ಮ ದೇಶದಲ್ಲೂ ಅವನಿಗೆ ಹಳೆಯ ಭಕ್ತರಿದ್ದಾರೆ. ಶಿಲ್ಲಾಂಗ್‌ನ ಲೂ ಮಾಜಾ 1972ರಿಂದ ಪ್ರತಿ ಮೇ 24ರಂದು ಡಿಲನ್‌ನ ಹುಟ್ಟುಹಬ್ಬವನ್ನು ಹಾಡಿ ಆಚರಿಸುತ್ತ ಬಂದವರು.

ಕತೆ ಶುರುವಾಗುವುದು ಒಂದು ನೆಲಮಾಳಿಗೆಯಲ್ಲಿ. 1966ರ ಜುಲೈಯಲ್ಲಿ ಡಿಲನ್ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಹತ್ತಿರ ಮೋಟಾರ್‌ಸೈಕಲ್‌ನಿಂದ ಬಿದ್ದ. ಒಪ್ಪಿಕೊಂಡಿದ್ದ ಕಛೇರಿಗಳೆಲ್ಲ ರದ್ದಾದವು. ಮರುವರ್ಷ ಅವನೂ ಅವನ ಜೊತೆ ನುಡಿಸುತ್ತಿದ್ದ ಹುಡುಗರೂ ಪಕ್ಕದ ವೆಸ್ಟ್ ಸಾಗರ್ಟೀಸ್‌ನಲ್ಲಿ ಗುಲಾಬಿ ಬಣ್ಣ ಬಳಿದಿದ್ದ ಬಾಡಿಗೆ ಮನೆಯೊಂದರ ಕೆಳಗಿನ ಕೋಣೆಯಲ್ಲಿ ಸೇರತೊಡಗಿದರು. ಈ ಹುಡುಗರೇ ಮುಂದೆ ‘ದಿ ಬ್ಯಾಂಡ್’ ಎಂದು ಪ್ರಸಿದ್ಧರಾದರು. ಮನೆಗೆ ‘ಬಿಗ್ ಪಿಂಕ್’ ಎಂದು ಅವರೇ ಹೆಸರಿಟ್ಟಿದ್ದರು. ಹಳೆಯ ಜನಪದ ಗೀತೆ, ನಾವಿಕರ ಹಾಡು, ಕುಡುಕರ ಹಾಡು, ಅಲ್ಲೇ ಆಗಲೇ ಕಟ್ಟಿದ ಹೊಸ ಹಾಡು, ಹೀಗೆ ಬಾಯಿಗೆ ಬಂದದ್ದನ್ನೆಲ್ಲ ಹಾಡಿದರು. ಆರ್ಗನ್ ನುಡಿಸುತ್ತಿದ್ದ ಗಾರ್ತ್ ಹಡ್ಸನ್ ಟೇಪ್ ರೆಕಾರ್ಡರನ್ನು ಪಕ್ಕದಲ್ಲಿಟ್ಟುಕೊಂಡು ಬೇಕೆನಿಸಿದಾಗ ಗುಂಡಿ ಒತ್ತುತ್ತಿದ್ದ. ಅವನಿಗೆ ಇದ್ದ ಜಾಗ್ರತೆ ಆ ಕೋಣೆಯಲ್ಲಿ ಬೇರೆ ಯಾರಿಗೂ ಇದ್ದಂತಿಲ್ಲ. ನೂರಕ್ಕೂ ಹೆಚ್ಚು ಹಾಡುಗಳು ಹಾಗೆ ಉಳಿದವು.

ಭಾರತೀಯರಾದ ನಮಗೆ ಇಲ್ಲಿ ಒಂದು ಸ್ವಾರಸ್ಯ ಇದೆ. ಅದೇ ವರ್ಷ ಡಿಲನ್‌ನ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ಬಂಗಾಳದಿಂದ ಬಾವುಲ್ ಹಾಡುಗಾರರ ತಂಡವೊಂದನ್ನು ವುಡ್‌ಸ್ಟಾಕ್‌ಗೆ ಕರೆಸಿದ. ಪೂರ್ಣದಾಸ ಬಾವುಲ್, ಲಕ್ಷ್ಮಣದಾಸ ಬಾವುಲ್ ಮೊದಲಾದವರು ಬಂದರು. ಅವರೂ ಆ ನೆಲಮಾಳಿಗೆಗೆ ಇಳಿದರು, ಹಾಡಿದರು. ಹಡ್ಸನ್ ಅದನ್ನೂ ಟೇಪಿಗೆ ಇಳಿಸಿದ. ಆ ಧ್ವನಿಮುದ್ರಣ ಆಮೇಲೆ ತಟ್ಟೆಯಾಗಿಯೂ ಬಂತು. 1967ರ ಕೊನೆಗೆ ಬಂದ ಡಿಲನ್‌ನ ‘ಜಾನ್ ವೆಸ್ಲಿ ಹಾರ್ಡಿಂಗ್’ ತಟ್ಟೆಯ ಹೊದಿಕೆ ನೋಡಿ: ಹ್ಯಾಟು ಹಾಕಿ ನಿಂತ ಡಿಲನ್‌ನ ಎರಡೂ ಪಕ್ಕದಲ್ಲಿರುವವರು ಈ ಬಾವುಲರು. ಗುರುವಿನ ಬಾಯಿಂದ ಕೇಳಿ ಕಲಿತು, ಊರಿನಿಂದ ಊರಿಗೆ ಹೋಗುತ್ತ, ಹಾಡಿದಷ್ಟು ಸಲವೂ ಬೇರೆಯಾಗಿ ಹಾಡುವವರು ಅವರು. ಆ ಕೋಣೆಯಲ್ಲಿ ಅವರಿಗೆ ಪರಕೀಯ ಎನಿಸಿರಲಿಕ್ಕಿಲ್ಲ.

ಡಿಲನ್‌ಗೆ ಆ ನೆಲಮಾಳಿಗೆಯ ಹಾಡುಗಳನ್ನು ಪ್ರಕಟಿಸುವ ಇರಾದೆ ಇರಲಿಲ್ಲ. ಅವುಗಳಲ್ಲಿ ಹದಿನಾಲ್ಕನ್ನು ಮಾತ್ರ ಆರಿಸಿ, ಬೇರೆ ಹಾಡುಗಾರರು ಬೇಕಿದ್ದರೆ ಹಾಡಿಕೊಳ್ಳಲಿ ಎಂದು ಪ್ರಕಾಶನ ಸಂಸ್ಥೆಯ ಮೂಲಕ ಮಾದರಿ ಪ್ರತಿಗಳನ್ನು ಕಳಿಸಲಾಯಿತು. ಮ್ಯಾನ್‌ಫ್ರೆಡ್ ಮ್ಯಾನ್ ತಂಡ ಅದರಿಂದ ಎತ್ತಿಕೊಂಡ ‘ಮೈಟಿ ಕ್ವಿನ್’ 1968ರಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ಮಾದರಿ ಪ್ರತಿಗೆ ಮಾದರಿ ಪ್ರತಿ ಹುಟ್ಟಿತು. ಅದೇ ವರ್ಷ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಸಂಪಾದಕ ಯಾನ್ ವೆನರ್ ಮುಖಪುಟದಲ್ಲೇ ಈ ಟೇಪನ್ನು ಬಿಡುಗಡೆ ಮಾಡಬೇಕು ಎಂದು ಕೇಳಿದ. ಬಿಡುಗಡೆ ಆಗಲಿಲ್ಲ. 1969ರ ಬೇಸಗೆಯಲ್ಲಿ ಲಾಸ್ ಏಂಜಲೀಸ್‌ನ ಅಂಗಡಿಗಳಲ್ಲಿ ಒಂದು ಜೋಡಿ ಎಲ್‌ಪಿ ಕಾಣಿಸಿಕೊಂಡಿತು. ಬಿಳಿಯ ಖಾಲಿ ಹೊದಿಕೆ. ಕಂಪನಿಯ ಹೆಸರಿಲ್ಲ, ಹಾಡುಗಳ ಪಟ್ಟಿ ಇಲ್ಲ, ಹಾಡಿದವನ ಹೆಸರೂ ಇಲ್ಲ. ನೆಲಮಾಳಿಗೆಯ ಏಳು ಹಾಡು, 1961ರ ಡಿಸೆಂಬರಿನಲ್ಲಿ ಮಿನಿಯಾಪೊಲಿಸ್‌ನ ಗೆಳತಿಯೊಬ್ಬಳ ಮನೆಯಲ್ಲಿ ಹಾಡಿದ್ದ ಒಂದಷ್ಟು, ಟಿವಿ ಕಾರ್ಯಕ್ರಮದಿಂದ ಹಿಡಿದದ್ದೊಂದು, ಎಲ್ಲ ಬೆರಕೆ. ಜನ ಅದನ್ನು ‘ಗ್ರೇಟ್ ವೈಟ್ ವಂಡರ್’ ಎಂದು ಕರೆದರು. ರಾಕ್ ಸಂಗೀತದ ಮೊದಲ ದೊಡ್ಡ ಬೂಟ್‌ಲೆಗ್ ಅದು.

ಕಾನೂನಿನ ಸಂಗತಿಯನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 1972ರ ಫೆಬ್ರವರಿ 15ಕ್ಕೆ ಮುಂಚೆ ಧ್ವನಿಮುದ್ರಣಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ಕಾಪಿರೈಟ್ ರಕ್ಷಣೆ ಇರಲಿಲ್ಲ. ಹಾಡಿನ ಸಾಹಿತ್ಯಕ್ಕೂ ಧಾಟಿಗೂ ಇತ್ತು, ಹಾಡಿದ ದನಿಗೆ ಇರಲಿಲ್ಲ. ಕಳ್ಳ ತಟ್ಟೆಯವರು ಆ ಸಂದಿಯಲ್ಲಿ ನುಸುಳಿದರು.

ಈಗ ಇನ್ನೊಂದು ತಟ್ಟೆಗೆ ಬರೋಣ. ಇದರಲ್ಲಿ ಅಭಿಮಾನಿಗಳ ಕಸುಬು ಎಂಥದು ಎಂಬುದು ಚೆನ್ನಾಗಿ ಕಾಣುತ್ತದೆ. ಅಪಘಾತಕ್ಕೆ ಮುಂಚೆ, 1966ರ ಮೇ ತಿಂಗಳಲ್ಲಿ, ಡಿಲನ್ ಬ್ರಿಟನ್ ಸುತ್ತುತ್ತಿದ್ದ. ಕಛೇರಿಯ ಪೂರ್ವಾರ್ಧ ಅವನೊಬ್ಬನದೇ: ಗಿಟಾರ್, ಮೌತ್ ಆರ್ಗನ್, ಹಾಡು. ಉತ್ತರಾರ್ಧಕ್ಕೆ ಎಲೆಕ್ಟ್ರಿಕ್ ತಂಡ ಬರುತ್ತಿತ್ತು, ಕಿವಿ ಗಡಚಿಕ್ಕುತ್ತಿತ್ತು, ಸಭೆಯಲ್ಲಿ ಕೂಗಾಟ ಏಳುತ್ತಿತ್ತು. ಒಂದು ರಾತ್ರಿ ಎರಡು ಹಾಡುಗಳ ನಡುವಿನ ಮೌನದಲ್ಲಿ ಒಬ್ಬ ‘ಜೂಡಾಸ್!’ ಎಂದು ಕಿರುಚಿದ. ಯೇಸುವನ್ನು ಹಿಡಿದುಕೊಟ್ಟವನ ಹೆಸರು. ಡಿಲನ್ ‘ನಿನ್ನ ಮಾತನ್ನು ನಂಬುವುದಿಲ್ಲ, ನೀನು ಸುಳ್ಳ’ ಎಂದು ಮೈಕಿನಲ್ಲೇ ಹೇಳಿ, ತಂಡದ ಕಡೆ ತಿರುಗಿ ಜೋರಾಗಿ ಬಾರಿಸಿ ಎಂದು ಬೈಗುಳ ಬೆರೆಸಿ ಕೂಗಿ, ‘ಲೈಕ್ ಎ ರೋಲಿಂಗ್ ಸ್ಟೋನ್’ ಎತ್ತಿಕೊಂಡ. ಡಿಲನ್‌ನ ತಟ್ಟೆಗಳನ್ನು ಹೊರತರುವ ಕಂಪನಿಯೇ ಮಾಡಿದ ಧ್ವನಿಮುದ್ರಣ ಅದು. ಆದರೂ ಬಿಡುಗಡೆಯಾಗದೆ ಉಳಿದು, 1970ರ ಸುಮಾರಿಗೆ ಕಳ್ಳ ತಟ್ಟೆಯಾಗಿ ಹೊರಬಂತು. ಹೊದಿಕೆಯ ಮೇಲೆ ‘ರಾಯಲ್ ಆಲ್ಬರ್ಟ್ ಹಾಲ್’ ಎಂದು ಯಾರೋ ಅಚ್ಚು ಹಾಕಿಸಿದರು. ಲಂಡನ್ನಿನ ದೊಡ್ಡ ಹೆಸರಲ್ಲವೆ, ಮಾರಾಟಕ್ಕೆ ಒಳ್ಳೆಯದು.

ಆದರೆ ಆ ಕೂಗು ಬಿದ್ದದ್ದು ಲಂಡನ್ನಿನಲ್ಲಲ್ಲ. ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಮೇ 17ರ ರಾತ್ರಿ ಕೂತಿದ್ದವರಿಗೆ ಅದು ತಮ್ಮ ಊರಿನ ಕೂಗು ಎಂದು ಗೊತ್ತಿತ್ತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ನಡೆದ ಚರ್ಚೆ ನಮ್ಮ ಗ್ರಂಥಸಂಪಾದಕರಿಗೆ ಹೊಸದೆನಿಸದು. ಇದು ಯಾವ ಹಾಲ್‌ನ ಪ್ರತಿಧ್ವನಿ? ಇನ್ನೊಂದು ಊರಿನ ಟೇಪಿನಲ್ಲಿ ಈ ಹಾಡಿನ ಮೊದಲು ಅವನು ಆಡಿದ ಮಾತೇನು? ಚಪ್ಪಾಳೆ ಎಲ್ಲಿ ಕತ್ತರಿಸಿದೆ? ಯಾವ ಪ್ರತಿಯಿಂದ ಯಾವ ಪ್ರತಿ ಹುಟ್ಟಿದೆ? ಓಲೆಗರಿ ಕಟ್ಟುಗಳನ್ನು ಹರಡಿಕೊಂಡು ಪಾಠಾಂತರ ಗುರುತಿಸುವವರ ಪ್ರಶ್ನೆಗಳು ಇವೇ. ವಿಶ್ವವಿದ್ಯಾಲಯದ ಸಂಬಳ ಇಲ್ಲ, ಅಷ್ಟೆ. ಅವರ ವಾದ ಗೆದ್ದಿತು. 1998ರಲ್ಲಿ ಕಂಪನಿ ಆ ಕಛೇರಿಯನ್ನು ಅಧಿಕೃತವಾಗಿ ಹೊರತಂದಾಗ ಮ್ಯಾಂಚೆಸ್ಟರಿನದೆಂದು ಒಪ್ಪಿಕೊಂಡು, ತಪ್ಪು ಹೆಸರನ್ನು ಕೈಬಿಡದೆ ಉದ್ಧರಣ ಚಿಹ್ನೆಯೊಳಗೆ ಉಳಿಸಿತು. ಹದಿನೆಂಟು ವರ್ಷ ಕಳೆದು ಲಂಡನ್ನಿನ ಕಛೇರಿಯನ್ನೇ ಬಿಟ್ಟಾಗ ಅದಕ್ಕೆ ‘ನಿಜವಾದ ರಾಯಲ್ ಆಲ್ಬರ್ಟ್ ಹಾಲ್ ಕಛೇರಿ’ ಎಂದು ಹೆಸರಿಡಬೇಕಾಯಿತು. ಕಳ್ಳರು ಹಾಕಿದ ಹೆಸರು ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಮಾಲೀಕರೇ ತಮ್ಮದು ನಿಜವಾದದ್ದು ಎಂದು ಸಾರಿಕೊಳ್ಳಬೇಕಾಗಿ ಬಂತು!

ಈ ಕೇಳುಗರು ಬದುಕಿದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕ್ಯಾಸೆಟ್ ಕಾಲದಲ್ಲಿ ಅವರಲ್ಲಿ ಎರಡು ಪಂಗಡ. ತಟ್ಟೆ ಒತ್ತಿಸಿ ಮಾರುವವರು ಒಂದು ಕಡೆ; ಟೇಪನ್ನು ಟೇಪಿಗೆ ಬದಲು ಕೊಡುವವರು ಇನ್ನೊಂದು ಕಡೆ. ಎರಡನೆಯವರಿಗೆ ಮೊದಲನೆಯವರನ್ನು ಕಂಡರೆ ಆಗುತ್ತಿರಲಿಲ್ಲ. ಬದಲು ಕೊಡಲು ನಿಮ್ಮಲ್ಲಿ ಏನೂ ಇಲ್ಲವೋ, ಖಾಲಿ ಕ್ಯಾಸೆಟ್ಟು ಮತ್ತು ವಾಪಸ್ ಅಂಚೆಯ ಖರ್ಚು ಕಳಿಸಿದರೆ ಸಾಕು. ದುಡ್ಡು ಕೇಳುವುದು ಮಾನಗೇಡು. ಪ್ರತಿ ತೆಗೆದಷ್ಟೂ ಹಿನ್ನೆಲೆಯ ‘ಸ್ಸ್’ ಸದ್ದು ಹೆಚ್ಚುತ್ತದೆ. ಆದ್ದರಿಂದ ಇದು ಎಷ್ಟನೆಯ ತಲೆಮಾರಿನ ಪ್ರತಿ ಎಂದು ಮೇಲೆ ಬರೆಯಲೇಬೇಕು. ಸಭೆಯ ನಡುವೆ ಕೂತು ಕದ್ದು ಹಿಡಿದದ್ದೋ, ಧ್ವನಿ ಯಂತ್ರದಿಂದ ನೇರ ತೆಗೆದದ್ದೋ ಅದನ್ನೂ ಬರೆಯಬೇಕು. ಮೊದಲನೆಯದರಲ್ಲಿ ಪಕ್ಕದವನ ಕೆಮ್ಮು, ಹಿಂದಿನ ಸಾಲಿನ ಹರಟೆ, ಹಾಡು ಗುರುತು ಸಿಕ್ಕಿದ ಕ್ಷಣದಲ್ಲಿ ಯಾರದೋ ಕೇಕೆ ಎಲ್ಲವೂ ಇರುತ್ತದೆ. ಎರಡನೆಯದು ಶುದ್ಧ, ಆದರೆ ಒಣ. ಅನೇಕ ಹಳಬರು ಕೆಮ್ಮು ಇರುವ ಟೇಪೇ ಬೇಕೆನ್ನುತ್ತಾರೆ. ನನ್ನ ಮತವೂ ಅದೇ. ಡಿಲನ್‌ನ ಕಛೇರಿಯನ್ನು ನಾನು ಕಣ್ಣಾರೆ ಕಂಡವನಲ್ಲ. ಆ ಕೆಮ್ಮು ಇಲ್ಲದೆ ನನಗೆ ಆ ಹಾಲ್ ಸಿಕ್ಕುವುದಿಲ್ಲ.

ಅಮೆರಿಕದ ಇನ್ನೊಂದು ತಂಡ, ಗ್ರೇಟ್‌ಫುಲ್ ಡೆಡ್, 1984ರಿಂದ ಟೇಪ್ ಮಾಡುವವರಿಗೆಂದೇ ಸಭಾಂಗಣದಲ್ಲಿ ಜಾಗ ಮೀಸಲಿಟ್ಟಿತ್ತು. ಡಿಲನ್ ಅಂಥ ಉದಾರಿಯಲ್ಲ. ಅವನ ಕಛೇರಿಗಳಲ್ಲಿ ಯಂತ್ರ ನಿಷಿದ್ಧ. ಆದರೂ 1988ರ ಜೂನ್ 7ರಂದು ಕ್ಯಾಲಿಫೋರ್ನಿಯಾದ ಕಾನ್‌ಕರ್ಡ್‌ನಲ್ಲಿ ಶುರುವಾಗಿ ‘ಮುಗಿಯದ ಪ್ರವಾಸ’ ಎಂದು ಹೆಸರಾದ ಅವನ ತಿರುಗಾಟದ ಮೂರು ಸಾವಿರಕ್ಕೂ ಮಿಕ್ಕಿದ ಕಛೇರಿಗಳಲ್ಲಿ ಬಹುಪಾಲು ಯಾರದೋ ಜೇಬಿನಲ್ಲಿ, ಯಾರದೋ ಹ್ಯಾಟಿನಲ್ಲಿ ದಾಖಲಾಗಿ ಉಳಿದಿವೆ. 1990ರ ಜನವರಿ 12ರಂದು ನ್ಯೂ ಹೇವನ್‌ನ ಟೋಡ್ಸ್ ಪ್ಲೇಸ್ ಎಂಬ ಚಿಕ್ಕ ಕ್ಲಬ್ಬಿನಲ್ಲಿ ಅವನು ನಾಲ್ಕು ಭಾಗಗಳಲ್ಲಿ ನಾಲ್ಕು ಗಂಟೆಗೂ ಮಿಕ್ಕಿ ಹಾಡಿದ. ಅಲ್ಲಿದ್ದವರು ಕೆಲವು ನೂರು ಮಂದಿ. ಕೇಳಿದವರು ಎಷ್ಟು ಸಾವಿರವೋ.

ಏಕೆ ಇಷ್ಟು ಕಕ್ಕುಲಾತಿ? ಒಂದೇ ಹಾಡನ್ನು ಮೂರು ಸಾವಿರ ಸಲ ಕೇಳುವುದೆಂದರೇನು? ಇದಕ್ಕೆ ಗಟ್ಟಿಯಾದ ಉತ್ತರ ಕೊಟ್ಟವನು ಪಾಲ್ ವಿಲಿಯಮ್ಸ್. 1966ರಲ್ಲಿ ‘ಕ್ರಾಡ್ಯಾಡಿ’ ಪತ್ರಿಕೆ ಶುರು ಮಾಡಿ ಅಮೆರಿಕದಲ್ಲಿ ರಾಕ್ ವಿಮರ್ಶೆಗೆ ದಾರಿ ಹಾಕಿದವನು ಅವನು. ಡಿಲನ್‌ನನ್ನು ಕವಿ ಎಂದೋ ಹಾಡು ಕಟ್ಟುವವನು ಎಂದೋ ನೋಡುವುದು ಅರ್ಧ ನೋಟ. ಅವನು ಪ್ರದರ್ಶನದ ಕಲಾವಿದ, ಬರೆದ ಹಾಡು ಅವನ ಕೈಯಲ್ಲಿ ಕಚ್ಚಾ ಸಾಮಗ್ರಿ, ಕೃತಿ ಹುಟ್ಟುವುದು ಹಾಡುವಾಗ ಎಂಬುದು ವಿಲಿಯಮ್ಸ್‌ನ ಸಂಪುಟಗಳ ತಿರುಳು. ನೊಬೆಲ್ ಸಮಿತಿಗಿಂತ ಬಹಳ ಮೊದಲೇ, ಬೇರೆಯೇ ದಾರಿಯಿಂದ, ಕ್ಯಾಸೆಟ್ ಕೇಳಿ ಕೇಳಿ ಬಂದ ತೀರ್ಮಾನ ಅದು.

‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’ ಹಾಡನ್ನೇ ತೆಗೆದುಕೊಳ್ಳಿ. 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಡಿಲನ್ ಅದನ್ನು ‘ಅವನು’ ಎಂದು, ಯಾರದೋ ಕತೆ ಎಂಬಂತೆ ಹಾಡಿದ. ಅದೇ ಡಿಸೆಂಬರಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ಮತ್ತೆ ಹಾಡುವಾಗ ‘ನಾನು’ ಬಂತು. 1975ರ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ತಟ್ಟೆಯಲ್ಲಿ ಲೋಕ ಕೇಳಿದ್ದು ಈ ‘ನಾನು’. 1984ರ ಯುರೋಪ್ ಪ್ರವಾಸಕ್ಕೆ ಹೊರಟಾಗ ಸಾಹಿತ್ಯವನ್ನೇ ಹೆಚ್ಚುಕಡಿಮೆ ಪೂರ್ತಿ ತಿದ್ದಿದ. ಹಾಡು ಹೀಗಿರಬೇಕಿತ್ತು ಎಂಬರ್ಥದ ಮಾತನ್ನೂ ಆಡಿದ. ಅಲ್ಲಿಂದ ಈಚೆಗೆ ಒಂದೊಂದು ಕಾಲದಲ್ಲಿ ಒಂದೊಂದು ಚರಣ ಬಿದ್ದುಹೋಗುತ್ತದೆ, ಒಂದು ಸೇರುತ್ತದೆ, ‘ನಾನು’ ಇದ್ದಲ್ಲಿ ‘ಅವನು’ ಬಂದು ಕೂರುತ್ತಾನೆ. ಮದುವೆ ಮುರಿಯುತ್ತಿದ್ದ ಹೊತ್ತಿನ ಆತ್ಮಕತೆ ಎಂದು ಈ ಹಾಡನ್ನು ಓದುವ ವಿಮರ್ಶಕರು ಒಂದು ರಾತ್ರಿಯ ಪಾಠವನ್ನು ಹಿಡಿದು ಕೂತವರು. ಹತ್ತು ವರ್ಷಗಳ ಟೇಪು ಕೇಳಿದವನಿಗೆ ಬೇರೆಯದೇ ಕಾಣುತ್ತದೆ. ಹಾಡುಗಾರ ಆ ಕತೆಯಿಂದ ಎಷ್ಟು ದೂರ ನಿಲ್ಲಬೇಕೆಂದು ಪ್ರತಿ ಸಲವೂ ಅಳತೆ ಮಾಡುತ್ತಿದ್ದಾನೆ.

ಇನ್ನು ‘ಕೆರಿಬಿಯನ್ ವಿಂಡ್’. ಇದನ್ನು ಅವನು ಸಭೆಯ ಮುಂದೆ ಹಾಡಿದ್ದು ಒಂದೇ ಸಲ, 1980ರ ನವೆಂಬರ್ 12ರಂದು, ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ. ಆಮೇಲೆ ಸ್ಟುಡಿಯೋದಲ್ಲಿ ಸಾಹಿತ್ಯವನ್ನು ತಿದ್ದಿ ತಿದ್ದಿ ಹಾಡಿನ ಜೀವ ತೆಗೆದ. 1985ರ ‘ಬಯೋಗ್ರಾಫ್’ ಸಂಕಲನದಲ್ಲಿ ಬಂದದ್ದು ಆ ತಿದ್ದಿದ ರೂಪ. ಈ ಹಾಡು ತನ್ನ ಹಿಡಿತಕ್ಕೆ ಸಿಗಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಅಂದು ವಾರ್‌ಫೀಲ್ಡ್‌ನಲ್ಲಿ ಯಂತ್ರ ಓಡದಿದ್ದರೆ ಒಂದು ದೊಡ್ಡ ಹಾಡು ಕೆಲವು ಸಾವಿರ ಜನರ ನೆನಪಿನಲ್ಲಿ ಮಸುಕಾಗಿ ಮುಗಿಯುತ್ತಿತ್ತು.

ಕರಾವಳಿಯವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ, ಆಟದ ಬಯಲಿನಲ್ಲಿ ಕೂತು ಅವರ ಪದ್ಯಗಳನ್ನು ಟೇಪು ಮಾಡಿಕೊಂಡವರ ಕ್ಯಾಸೆಟ್ಟುಗಳಿಗೆ ಎಂಥ ಬೆಲೆ ಬಂತು! ಈ ಪದ್ಯ ಯಾವ ಊರಿನ ಆಟದ್ದು, ಆ ದಿನ ಮದ್ದಳೆಗೆ ಯಾರು ಕೂತಿದ್ದರು, ವೇಷ ಯಾರದು ಎಂಬ ವಾದ ಇವತ್ತಿಗೂ ಬಗೆಹರಿದಿಲ್ಲ. ಕೇಳುಗ ಎಲ್ಲ ಕಡೆಯೂ ಕೇಳುಗನೇ.

ಇಲ್ಲಿಯವರೆಗೆ ನಾನು ಸಭೆಯಲ್ಲಿ ಹಾಡಿದ್ದರ ಪರವಾಗಿ ಮಾತಾಡಿದೆ. ಸಭೆಯ ಮುಂದೆ ಹಾಡಿದ್ದು ಕೊಟ್ಟ ವಸ್ತು. ಟಿಕೆಟ್ಟು ಕೊಂಡು ಬಂದವನ ಕಿವಿಗೆ ಅದು ಸೇರಿದೆ. ಅವನು ಅದನ್ನು ನೆನಪಿನಲ್ಲಿ ಇಟ್ಟುಕೊಂಡರೂ ಒಂದೇ, ಹೊಟ್ಟೆಪಾಡಿಗೆ ಮಾರದಿದ್ದರೆ ಟೇಪಿನಲ್ಲಿ ಇಟ್ಟುಕೊಂಡರೂ ಒಂದೇ. ಕಾನೂನು ಬೇರೆ ಹೇಳುತ್ತದೆ, ಹೇಳಲಿ. ಸ್ಟುಡಿಯೋದ ಕಪಾಟಿನಲ್ಲಿ ಇದ್ದದ್ದರ ವಿಷಯ ಹಾಗಲ್ಲ.

‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’ ಎಂಬ ಹಾಡು ಅಭಿಮಾನಿಗಳ ದೊಡ್ಡ ಅಸ್ತ್ರ. 1983ರಲ್ಲಿ ‘ಇನ್ಫಿಡೆಲ್ಸ್’ ತಟ್ಟೆಗೆಂದು, ಮಾರ್ಕ್ ನಾಫ್ಲರ್‌ನ ಗಿಟಾರ್ ಜೊತೆ, ತಾನೇ ಪಿಯಾನೋ ನುಡಿಸುತ್ತ ಡಿಲನ್ ಹಾಡಿದ್ದು. ಗುಲಾಮಗಿರಿ ಇದ್ದ ಅಮೆರಿಕದ ದಕ್ಷಿಣ ಸಂಸ್ಥಾನಗಳ ನೆಲ, ಬ್ಲೂಸ್ ಹಾಡಿದ ಒಬ್ಬ ಕುರುಡ, ಎರಡನ್ನೂ ಒಟ್ಟಿಗೆ ಹೆಣೆದ ಹಾಡು. ಅವನ ಆ ದಶಕದ ಎಲ್ಲ ತಟ್ಟೆಗಳಿಗಿಂತ ಇದೊಂದು ಭಾರ. ಅದನ್ನು ಕೈಬಿಟ್ಟ. ಕಳ್ಳ ಟೇಪಿನಲ್ಲಿ ಕೇಳಿದವರು ತಲೆ ತಲೆ ಚಚ್ಚಿಕೊಂಡರು. 1991ರಲ್ಲಿ ಅಧಿಕೃತವಾಗಿ ಬಂತು, ‘ದಿ ಬ್ಯಾಂಡ್’ನವರು 1993ರಲ್ಲಿ ತಮ್ಮ ತಟ್ಟೆಯಲ್ಲಿ ಹಾಡಿದರು, ಅದನ್ನು ಕೇಳಿ ಡಿಲನ್ ಕೂಡ 1997ರಿಂದ ಸಭೆಗಳಲ್ಲಿ ಹಾಡತೊಡಗಿದ. ನೋಡಿ, ಕದ್ದದ್ದರಿಂದಲೇ ಹಾಡು ಹಾಡುಗಾರನಿಗೆ ವಾಪಸ್ ಸಿಕ್ಕಿತು ಎನ್ನುತ್ತಾರೆ ಅಭಿಮಾನಿಗಳು.

ವಾದ ಚೆನ್ನಾಗಿದೆ. ಆದರೆ ಎಲ್ಲ ಹಾಡೂ ಮೆಕ್‌ಟೆಲ್ ಅಲ್ಲ. ನೆಲಮಾಳಿಗೆಯ ಟೇಪುಗಳಲ್ಲಿ ‘ಐಯಾಮ್ ನಾಟ್ ದೇರ್’ ಎಂಬುದೊಂದಿದೆ. ಅದರಲ್ಲಿ ಅರ್ಧಕ್ಕರ್ಧ ಪದಗಳೇ ಅಲ್ಲ. ಧಾಟಿ ಸಿಕ್ಕಿದೆ, ಮಾತು ಇನ್ನೂ ಬಂದಿಲ್ಲ, ಬಾಯಿ ಏನೋ ಉಲಿಯುತ್ತಿದೆ. ಕೇಳಿದರೆ ಮೈ ಜುಂ ಎನ್ನುತ್ತದೆ, ನಿಜ. 2007ರಲ್ಲಿ ಟಾಡ್ ಹೇನ್ಸ್‌ನ ಚಲನಚಿತ್ರದ ಜೊತೆಗೆ ಅದು ಅಧಿಕೃತವಾಗಿ ಹೊರಬರುವವರೆಗೂ, ಬಂದ ಮೇಲೂ, ಅಭಿಮಾನಿಗಳು ಅದರ ‘ಸಾಹಿತ್ಯ’ವನ್ನು ಬರೆದಿಳಿಸುತ್ತ ಕೂತಿದ್ದಾರೆ. ಒಬ್ಬರದು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಇಲ್ಲದ ಮೂಲಕ್ಕೆ ಪಾಠ ನಿರ್ಣಯ! ಬಾಗಿಲು ಹಾಕಿಕೊಂಡು ಹುಡುಕುತ್ತಿದ್ದವನ ತೊದಲನ್ನು ನಾವು ಕದ್ದು ಕೇಳಿ ಅದಕ್ಕೆ ಭಾಷ್ಯ ಬರೆದೆವು.

ಡಿಲನ್‌ಗೆ ಈ ಬಗ್ಗೆ ಸಿಟ್ಟಿತ್ತು. ಎಲ್ಲೋ ಯಾರದೋ ಕೋಣೆಯಲ್ಲಿ ಸುಮ್ಮನೆ ತಂತಿ ಮೀಟುತ್ತ ಕೂತಿದ್ದೂ ಹೊದಿಕೆ ಹಾಕಿಕೊಂಡು ಅಂಗಡಿಗೆ ಬರುತ್ತದೆ, ಫೋನು ಕದ್ದು ಕೇಳಿಸಿಕೊಂಡ ಹಾಗೆ ಎಂದು ‘ಬಯೋಗ್ರಾಫ್’ ಬಂದ ಕಾಲದಲ್ಲಿ ಹೇಳಿಕೊಂಡಿದ್ದ. 1970ರ ಸುಮಾರಿಗೆ ಅವನು ನ್ಯೂಯಾರ್ಕಿನ ಮೆಕ್‌ಡೂಗಲ್ ಬೀದಿಯಲ್ಲಿ ಮನೆ ಮಾಡಿದ್ದಾಗ ತಾನೇ ಡಿಲನ್ ಪಂಡಿತ ಎಂದುಕೊಂಡಿದ್ದ ಒಬ್ಬ ಅವನ ಮನೆಯ ಮುಂದಿನ ಕಸದ ಡಬ್ಬಿಯನ್ನು ಬಗೆದು ಅದರಲ್ಲಿ ಸಿಕ್ಕಿದ ಚೀಟಿಗಳಿಂದ ಹಾಡುಗಳ ಗೂಢಾರ್ಥ ಬಿಡಿಸುತ್ತಿದ್ದ. ಅವನನ್ನು ಕಂಡು ಎಲ್ಲರೂ ನಕ್ಕರು. ನಕ್ಕವರ ಕಪಾಟಿನಲ್ಲಿ ಡಿಲನ್ ಬೇಡವೆಂದು ಎತ್ತಿಟ್ಟ ಟೇಪುಗಳಿದ್ದವು. ಎರಡಕ್ಕೂ ಇರುವ ಅಂತರ ನನಗೆ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಇದಕ್ಕೆ ಡಿಲನ್ ಪೂರಾ ನಿರಪರಾಧಿ ಎಂದೂ ನಾನು ಹೇಳಲಾರೆ. ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ಮಿನಿಯಾಪೊಲಿಸ್‌ನ ಗೆಳೆಯರೊಬ್ಬರ ಅಪರೂಪದ ಜನಪದ ಗೀತೆಗಳ ತಟ್ಟೆಗಳನ್ನು ಅವನೇ ಹೇಳದೆ ಕೇಳದೆ ಎತ್ತಿಕೊಂಡು ಹೋಗಿದ್ದ. 2005ರ ಮಾರ್ಟಿನ್ ಸ್ಕಾರ್ಸೆಸಿ ಸಾಕ್ಷ್ಯಚಿತ್ರದಲ್ಲಿ ಆ ಪ್ರಸಂಗ ಬರುತ್ತದೆ. ಆದರೂ ಆ ತಟ್ಟೆಗಳು ಪ್ರಕಟವಾಗಿದ್ದವು. ಕದ್ದದ್ದು ವಸ್ತುವನ್ನು, ಗುಟ್ಟನ್ನಲ್ಲ.

ಕಂಪನಿಯ ಪಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1975ರಲ್ಲಿ ಅದು ‘ದಿ ಬೇಸ್‌ಮೆಂಟ್ ಟೇಪ್ಸ್’ ಎಂದು 24 ಹಾಡು ಹೊರತಂದಾಗ ಅದರಲ್ಲಿ ಎಂಟು ಡಿಲನ್ ಇಲ್ಲದೆ ‘ದಿ ಬ್ಯಾಂಡ್’ ಹಾಡಿದವು, ಹಳೆಯ ಟೇಪಿನ ಮೇಲೆ ಹೊಸ ವಾದ್ಯ ಬೇರೆ ಸೇರಿಸಿದ್ದರು. ಕಳ್ಳ ಪ್ರತಿಗಳನ್ನು ಕೇಳಿದ್ದವರು ಅದನ್ನು ಆಗಲೇ ಹಿಡಿದರು. 1991ರಲ್ಲಿ ‘ಬೂಟ್‌ಲೆಗ್ ಸೀರೀಸ್’ ಎಂದೇ ಹೆಸರಿಟ್ಟು 58 ಹಾಡುಗಳ ಪೆಟ್ಟಿಗೆ ತಂದಿತು. ಟಿಪ್ಪಣಿ ಬರೆಸಿದ್ದು ‘ಟೆಲಿಗ್ರಾಫ್’ ಎಂಬ ಅಭಿಮಾನಿ ಪತ್ರಿಕೆಯ ಸಂಪಾದಕ ಜಾನ್ ಬಾಲ್ಡಿ ಅವರಿಂದ. ಕೇಳುಗರ ಪಾಂಡಿತ್ಯಕ್ಕೆ ಕಂಪನಿ ಹಾಕಿದ ಮೊಹರು ಅದು. 2014ರಲ್ಲಿ ನೆಲಮಾಳಿಗೆಯ 138 ತುಣುಕುಗಳು ಆರು ಸಿಡಿಗಳಲ್ಲಿ ಬಂದವು. ಮರುವರ್ಷ ಬಂದ ಹದಿನೆಂಟು ಸಿಡಿಗಳ ಪೆಟ್ಟಿಗೆಯಲ್ಲಿ ಒಂದು ಸಿಡಿ ಪೂರ್ತಿ ‘ಲೈಕ್ ಎ ರೋಲಿಂಗ್ ಸ್ಟೋನ್’ ಒಂದೇ, ಇಪ್ಪತ್ತು ಸಲ, ಮುರಿದದ್ದು, ನಿಂತದ್ದು, ತಪ್ಪಿದ್ದು ಎಲ್ಲ ಸೇರಿ. ಎರಡನೆಯ ದಿನದ ನಾಲ್ಕನೆಯ ಸಲದ್ದೇ ಲೋಕ ಕೇಳಿದ್ದು. ಆಮೇಲಿನ ಹನ್ನೊಂದು ಸಲ ಅವರು ಅದನ್ನು ಮೀರಲು ಹೆಣಗಿ ಸೋತರು ಎಂದು ತಿಳಿಯಲು ಅದನ್ನು ಒಮ್ಮೆ ಕೇಳಬೇಕು. ಎರಡನೆಯ ಸಲ ಕೇಳುವವರಿಗೆ ನನ್ನ ಸಹಾನುಭೂತಿ ಇದೆ.

ಇದಕ್ಕಿಂತ ವಿಚಿತ್ರ 2012ರದು. ಯುರೋಪಿನ ಹೊಸ ಕಾನೂನಿನ ಪ್ರಕಾರ ಐವತ್ತು ವರ್ಷದೊಳಗೆ ಪ್ರಕಟವಾಗದ ಧ್ವನಿಮುದ್ರಣದ ಹಕ್ಕು ಕೈತಪ್ಪುತ್ತದೆ; ಪ್ರಕಟವಾದರೆ ಎಪ್ಪತ್ತು ವರ್ಷ ಉಳಿಯುತ್ತದೆ. ಹಕ್ಕು ಉಳಿಸಿಕೊಳ್ಳಲು ಕಂಪನಿ 1962ರ ಹಾಡುಗಳ ಸುಮಾರು ನೂರೇ ನೂರು ಪ್ರತಿ ಮಾಡಿ ಯುರೋಪಿನ ಕೆಲವು ಅಂಗಡಿಗಳಿಗೆ ಬಿಟ್ಟಿತು. ಸಾದಾ ಹೊದಿಕೆ, ಸಾದಾ ಸಿಡಿ. ಬಿಳಿ ಹೊದಿಕೆಯ ಕಳ್ಳರಿಗಿಂತ ಕಡಿಮೆ ಜನಕ್ಕೆ ತಲುಪಿದ ಅಧಿಕೃತ ಬಿಡುಗಡೆ! ಕೇಳುಗರಿಗೆ ಕೊಡುವ ಉದ್ದೇಶವೇ ಇಲ್ಲದೆ ಹಾಡನ್ನು ಹೊರತರಬಹುದೆಂದು ಅಂದು ಗೊತ್ತಾಯಿತು.

ಹಾಗಾದರೆ ಸ್ಟುಡಿಯೋದ ಟೇಪುಗಳು ಎಂದಿಗೂ ಹೊರಬರಬಾರದೆ? ಬರಲಿ, ಹಾಡಿದವನ ಒಪ್ಪಿಗೆ ಇದ್ದಾಗ. 2016ರಲ್ಲಿ ಡಿಲನ್ ತನ್ನ ಕಾಗದಪತ್ರ, ಟೇಪುಗಳ ಸಂಗ್ರಹವನ್ನು ಓಕ್ಲಹೋಮಾದ ಟಲ್ಸಾಕ್ಕೆ ಮಾರಿದ. 2022ರ ಮೇ ತಿಂಗಳಲ್ಲಿ ಅಲ್ಲಿ ಬಾಬ್ ಡಿಲನ್ ಸೆಂಟರ್ ತೆರೆಯಿತು. ಅನುಮತಿ ಪಡೆದ ಸಂಶೋಧಕರು ಹೋಗಿ ಕೂತು ಅಭ್ಯಾಸ ಮಾಡಬಹುದು. ಅದು ಸರಿಯಾದ ದಾರಿ. ಇನ್ನೊಂದು ಕಡೆ, 1993ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸಪ್ಪರ್ ಕ್ಲಬ್‌ನಲ್ಲಿ ಎರಡು ರಾತ್ರಿ ನಾಲ್ಕು ಕಛೇರಿ ಮಾಡಿ, ಕ್ಯಾಮೆರಾ ಮೈಕು ಎಲ್ಲ ಇಟ್ಟು ಮುದ್ರಿಸಿಕೊಂಡು, ಕೆಲವೇ ಹಾಡು ಬಿಟ್ಟು ಉಳಿದದ್ದನ್ನು ಕಪಾಟಿಗೆ ಸೇರಿಸಿದ. ಅದನ್ನು ಅಭಿಮಾನಿಗಳು ಹಂಚಿಕೊಂಡದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಸಭೆಯ ಮುಂದೆ ಹಾಡಿಯಾಗಿತ್ತು.

ಈಚಿನ ಪ್ರವಾಸಗಳಲ್ಲಿ ಡಿಲನ್‌ನ ಕಛೇರಿಗೆ ಹೋದವರ ಮೊಬೈಲನ್ನು ಬಾಗಿಲಲ್ಲೇ ಬೀಗ ಬೀಳುವ ಚೀಲಕ್ಕೆ ಹಾಕಿಸುತ್ತಾರೆ. ಮುದುಕನ ಹಟ ಎಂದು ಕೆಲವರು ಗೊಣಗಿದರು. ಬೆಳಕಿನ ಪರದೆಗಳಿಲ್ಲದ ಕತ್ತಲಲ್ಲಿ ಬಹಳ ದಿನದ ಮೇಲೆ ಹಾಡು ಕೇಳಿಸಿತು ಎಂದರು ಇನ್ನು ಕೆಲವರು. ಟೇಪುಗಳು ಮಾತ್ರ ಹೊರಬರುತ್ತಲೇ ಇವೆ.

ಕೊನೆಗೆ ಈ ಸಭೆಗೆ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ, ಆಟದ್ದೋ ತಾಳಮದ್ದಳೆಯದ್ದೋ ಜಾತ್ರೆಯ ತತ್ವಪದದ್ದೋ ಹಳೆಯ ಕ್ಯಾಸೆಟ್ಟುಗಳು ಇದ್ದಾವು. ನಮ್ಮ ಹವೆಗೆ ಅವು ಬೂಷ್ಟು ಹಿಡಿಯುತ್ತವೆ, ಪಟ್ಟಿಯ ಮೇಲಿನ ಲೇಪ ಉದುರುತ್ತದೆ. ಈ ವರ್ಷವೇ ಅವನ್ನು ತೆಗೆದು, ಕಂಪ್ಯೂಟರಿಗೆ ಇಳಿಸಿ. ಇಳಿಸುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಊರು, ದಿನ, ಮೇಳ, ಹಾಡಿದವರು, ನುಡಿಸಿದವರು ಯಾರೆಂದು ಕೇಳಿ ಬರೆದುಕೊಳ್ಳಿ; ಹೆಸರಿಲ್ಲದ ಟೇಪು ಅರ್ಧ ಟೇಪು. ಬಯಲಿನಲ್ಲಿ, ವೇದಿಕೆಯಲ್ಲಿ ಹಾಡಿದ್ದಾದರೆ ಯಾವುದಾದರೂ ವಿಶ್ವವಿದ್ಯಾಲಯದ ಜಾನಪದ ವಿಭಾಗಕ್ಕೆ ಒಂದು ಪ್ರತಿ ಕೊಡಿ. ನಿಮ್ಮ ಮನೆಯ ಜಗುಲಿಯಲ್ಲಿ ಊಟವಾದ ಮೇಲೆ ಕಲಾವಿದರು ತಮ್ಮಷ್ಟಕ್ಕೆ ಗುನುಗಿದ್ದು ಅದರಲ್ಲಿ ಇದ್ದರೆ, ಅವರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿ, ಬೇಡ ಎಂದರೆ ಕೊಡಬೇಡಿ.